ಪದ ಪರಿಚಯ: ಪ್ರಿದ್ವೋರ್ನಿ

ರಷ್ಯನ್ ಭಾಷೆಯ ಈ ಪದವನ್ನು ಬಿಡಿಸಿ ನೋಡಿದರೆ ಒಳಗೆ ನಮಗೆ ಗುರುತಿರುವ ‘ದ್ವಾರ’ದ ನಂಟು ಕಾಣುತ್ತದೆ. ‘ಪ್ರಿ’ ಎಂದರೆ ಬಳಿ. ‘ದ್ವೋರ್’ ಎಂದರೆ ಅಂಗಳ. ಸಂಸ್ಕೃತದ ದ್ವಾರ, ಇಂಗ್ಲಿಷಿನ ಡೋರ್ ಇದರ ದಾಯಾದಿಗಳು. ಬಾಗಿಲನ್ನು ಸೂಚಿಸುತ್ತಿದ್ದ ಬೇರು ರಷ್ಯನ್ನಿನಲ್ಲಿ ಮನೆಯಂಗಳಕ್ಕೆ, ಅಲ್ಲಿಂದ ದೊರೆಯ ಆಸ್ಥಾನಕ್ಕೆ ಹಬ್ಬಿತು. ಅಂಗಳ ಗುಡಿಸುವವನು ‘ದ್ವೋರ್ನಿಕ್’, ಕುಲೀನ ‘ದ್ವೊರ್ಯಾನಿನ್’, ಅರಮನೆ ‘ದ್ವೊರೆತ್ಸ್’. ಪೊರಕೆಗೂ ಕಿರೀಟಕ್ಕೂ ಒಂದೇ ಬೇರು ಒದಗಿದ ಈ ಬಗೆ ನನಗೆ ಬಹಳ ಇಷ್ಟ.

‘ಪ್ರಿದ್ವೋರ್ನಿ ಬಂಕೀರ್’ ಎಂದರೆ ಆಸ್ಥಾನದ ಬ್ಯಾಂಕರ್. ಚಕ್ರವರ್ತಿಯ ಸರ್ಕಾರಕ್ಕೆ ಹೊರದೇಶಗಳಲ್ಲಿ ಸಾಲ ಎತ್ತಿಕೊಡುವುದು, ಹುಂಡಿಗಳ ಮೂಲಕ ಹಣ ರವಾನಿಸುವುದು ಆತನ ಕೆಲಸ. ಲುಡ್ವಿಗ್ ಸ್ಟೀಗ್ಲಿಟ್ಸ್ ಅಂಥವನು. ಜರ್ಮನಿಯ ಅರೋಲ್ಸನ್ ಊರಿನ ಯಹೂದಿ ಮನೆತನದಲ್ಲಿ ಹುಟ್ಟಿ, ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು ವ್ಯಾಪಾರದಲ್ಲಿ ಬೆಳೆದ. 1812ರಲ್ಲಿ ಲೂಥರನ್ ಪಂಥ ಸೇರಿದ. ಅಂದಿನ ರಷ್ಯಾದಲ್ಲಿ ಯಹೂದಿಗಳು ಎಲ್ಲಿ ವಾಸಿಸಬೇಕು ಎಂಬುದಕ್ಕೂ ಕಾನೂನಿನ ಗಡಿಯಿತ್ತು. ದೀಕ್ಷಾಸ್ನಾನ ಪಡೆದವರಿಗೆ ಆ ಗಡಿ ಸರಿಯುತ್ತಿತ್ತು. ನಂಬಿಕೆಯೋ ಅನಿವಾರ್ಯವೋ ಎಂದು ತೀರ್ಪು ಕೊಡಲು ನಾನು ಒಲ್ಲೆ. 1826ರಲ್ಲಿ ಒಂದನೆಯ ನಿಕೋಲಾಸ್ ಆತನನ್ನು ಬ್ಯಾರನ್ ಮಾಡಿದ. ಪದದ ಮೂಲಾರ್ಥ ಈ ಬದುಕಿಗೆ ಎಷ್ಟು ಹೊಂದುತ್ತದೆ ನೋಡಿ: ಆಸ್ಥಾನದ ಬಳಿ ಇರುವವನು.

ಲುಡ್ವಿಗ್ 1843ರಲ್ಲಿ ತೀರಿಕೊಂಡ. ತಂದೆಯ ಉದ್ಯೋಗವನ್ನು ಮುಂದುವರಿಸಿದ ಮಗ ಅಲೆಕ್ಸಾಂಡರ್ 1860ರಲ್ಲಿ ರಷ್ಯಾದ ಸರ್ಕಾರಿ ಬ್ಯಾಂಕಿನ ಮೊದಲ ಮುಖ್ಯಸ್ಥನಾದ. ‘ಪ್ರಿದ್ವೋರ್ನಿ’ ಇಂದಿಗೂ ರಷ್ಯನ್ನಿನಲ್ಲಿ ಆಸ್ಥಾನಿಕನನ್ನು ಸೂಚಿಸುವ ಪದವಾಗಿ ಉಳಿದಿದೆ.