ಕೆಮ್ಮಿನ ಔಷಧಿ ಕೊಟ್ಟು ಕಳಿಸಿದವರು

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳ ಗೋಡೆಯ ಮೇಲೆ ಈ ಮಾತನ್ನು ನೋಡಿದಾಗಲೆಲ್ಲ ಅದು ರೋಗಿಗೆ ಹೇಳಿದ ಬುದ್ಧಿಮಾತು ಎಂದುಕೊಂಡಿದ್ದೆ. ಕ್ಷಯರೋಗದ ಚರಿತ್ರೆ ಓದಲು ಕುಳಿತ ಮೇಲೆ, ಅದನ್ನು ಮೊದಲು ಕೇಳಿಸಿಕೊಳ್ಳಬೇಕಾದವರು ಮೇಜಿನ ಆಚೆ ಕುಳಿತವರು ಅನ್ನಿಸಿತು.

1950ರ ದಶಕದ ಕೊನೆಯ ಹೊತ್ತಿಗೆ ಚಿಕಿತ್ಸೆಯ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತ್ತು. ಮದರಾಸಿನಲ್ಲಿ 193 ರೋಗಿಗಳಿಗೆ ಒಂದು ವರ್ಷ ಐಸೋನಿಯಾಜಿಡ್ ಮತ್ತು ಪಿಎಎಸ್ ಕೊಟ್ಟು ನೋಡಿದರು. ಕೆಲವರು ಸ್ಯಾನಿಟೋರಿಯಂನಲ್ಲಿದ್ದರು, ಉಳಿದವರು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ. ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅಂದರೆ ಹಾಸಿಗೆಗಿಂತ ಮಾತ್ರೆ ಮುಖ್ಯ. ಆದರೆ ಮಾತ್ರೆ ಕೊಡಬೇಕಾದರೆ ಮೊದಲು ರೋಗಿಯನ್ನು ಗುರುತಿಸಬೇಕಲ್ಲ?

ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅವರಾಗಿ ಬರುವುದಿಲ್ಲ, ಎಕ್ಸ್-ರೇ ವಾಹನದಲ್ಲಿ ನಾವೇ ಹುಡುಕಿಕೊಂಡು ಹೋಗಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನೇ ಮಾತನಾಡಿಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ಬಹುಪಾಲು ಜನರಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆ ಎಂಬ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಅಲೋಪತಿ ವೈದ್ಯರ ಬಳಿಗೆ ಹೋಗಿಬಂದಿದ್ದರು. ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧಿ.

ಈ ಸಾಲಿನ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಕೂಲಿ ಬಿಟ್ಟು ಆಸ್ಪತ್ರೆಗೆ ನಡೆದವರನ್ನು ನಾವು ಅಜ್ಞಾನಿಗಳೆಂದು ಬರೆದುಕೊಂಡಿದ್ದೆವು.

ಬೇಕಿದ್ದ ಪರೀಕ್ಷೆಯೇನೂ ದೊಡ್ಡದಲ್ಲ. ಗಾಜಿನ ತುಂಡಿನ ಮೇಲೆ ಕಫ ಸವರಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಲ್ಲಿ ತೊಳೆದು, ಮೇಲೆ ನೀಲಿ ಬಣ್ಣ ಹಾಕಬೇಕು. ಉಳಿದದ್ದೆಲ್ಲ ನೀಲಿಯಾದರೂ ಕ್ಷಯದ ಬ್ಯಾಕ್ಟೀರಿಯಾ ಕೆಂಪು ಕಡ್ಡಿಯಂತೆ ಉಳಿಯುತ್ತದೆ. ಕರೆಂಟಿಲ್ಲದ ಊರಿನಲ್ಲಿ ಕನ್ನಡಿಯಿರುವ ಸೂಕ್ಷ್ಮದರ್ಶಕಕ್ಕೆ ಹಗಲಿನ ಬೆಳಕೇ ಸಾಕು. ಬ್ಯಾಕ್ಟೀರಿಯಾ ಕಡಿಮೆಯಿದ್ದರೆ ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ, ನಿಜ. ಆದರೆ ಊರಿಗೆ ಹೆಚ್ಚು ಸೋಂಕು ಹರಡುವವರನ್ನು ಅದು ಹಿಡಿದುಕೊಡುತ್ತದೆ. ಎಕ್ಸ್-ರೇಯಲ್ಲಿ ಕಾಣುವ ನೆರಳು ಹಳೆಯ ಗಾಯದ್ದೂ ಇರಬಹುದು, ಬೇರೆ ಕಾಯಿಲೆಯದ್ದೂ ಇರಬಹುದು.

1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ, ತಾವಾಗಿ ಬಂದವರ ಕಫ ನೋಡುವ ದಾರಿ ಹಿಡಿಯಿತು. ದಾರಿ ಸರಿಯಿತ್ತು, ನಡೆದವರು ಕಡಿಮೆ. ಮೂವತ್ತು ವರ್ಷದ ನಂತರ, 1992ರಲ್ಲಿ ಪರಿಶೀಲಿಸಿದಾಗ ವೈದ್ಯರು ಇನ್ನೂ ಎಕ್ಸ್-ರೇಯನ್ನೇ ನೆಚ್ಚಿಕೊಂಡಿದ್ದರು. ಚಿಕಿತ್ಸೆ ಪೂರ್ತಿ ಮುಗಿಸಿದವರು ಅರ್ಧಕ್ಕಿಂತ ಕಡಿಮೆ.

ಈಗ ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕೊಡುವ ಯಂತ್ರಗಳಿವೆ. ಆದರೆ ಯಂತ್ರದ ತನಕ ಕಫ ಹೋಗಬೇಕಾದರೆ, ಯಾರಾದರೂ ತಲೆಯೆತ್ತಿ ಒಂದು ಮಾತು ಕೇಳಲೇಬೇಕು: ಎಷ್ಟು ದಿನದಿಂದ ಕೆಮ್ಮು?