ಯಲಹಂಕ: ನಾಡಿನಿಂದ ವಾರ್ಡಿಗೆ

ಅಧಿಕಾರವು ನೆಲೆ ಬದಲಿಸಿದಾಗ ಊರಿಗೆ ಏನಾಗುತ್ತದೆ ಎಂಬುದನ್ನು ಹಳೇಬೀಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ದೋರಸಮುದ್ರವೆಂದು ಮೆರೆದ ರಾಜಧಾನಿ ಹಳೆಯ ಬೀಡಾಯಿತು. ಕೆರೆ ಉಳಿಯಿತು, ಗುಡಿಗಳು ಉಳಿದವು. ಆಳುವ ಪೀಠ ಮಾತ್ರ ಉಳಿಯಲಿಲ್ಲ. ಅದೇ ಹೊಯ್ಸಳ ರಾಜ್ಯದ ಮೂಡಣ ಭಾಗದಲ್ಲಿದ್ದ ಇನ್ನೊಂದು ಸ್ಥಳದ ಕಥೆಯನ್ನು ಇಂದು ನಿವೇದಿಸಬೇಕೆಂದಿದ್ದೇನೆ. ಆ ಸ್ಥಳವೇ ಯಲಹಂಕ.

ಹೊಯ್ಸಳರ ಕಾಲದ ತಮಿಳು ಶಾಸನಗಳು ಆ ಪ್ರದೇಶವನ್ನು ‘ಇಲೈಪಾಕ್ಕ ನಾಡು’ ಎಂದು ಕರೆಯುತ್ತವೆ. ಆ ಕಾಲದ ‘ನಾಡು’ ಹಲವು ಹಳ್ಳಿಗಳನ್ನೊಳಗೊಂಡ ಆಡಳಿತ ಘಟಕ. ಅಲ್ಲಿನ ಗೌಡರೂ ಪ್ರಮುಖರೂ ಕೂಡಿ ದತ್ತಿಗಳಿಗೆ ಹೊಣೆಯಾಗಿ ನಿಲ್ಲುತ್ತಿದ್ದರು. ವಿಜಯನಗರದ ಕಾಲಕ್ಕೆ ಯಲಹಂಕ ನಾಡಪ್ರಭುಗಳ ನೆಲೆಯಾಯಿತು. ಆ ವಂಶದ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದರು. ಈ ಲೆಕ್ಕದಲ್ಲಿ ಯಲಹಂಕ ತಾಯಿ, ಬೆಂಗಳೂರು ಮಗು.

ಮಗು ಬೆಳೆಯಿತು. ಇಪ್ಪತ್ತನೆಯ ಶತಮಾನದಲ್ಲಿ ವಾಯುಪಡೆಯ ನೆಲೆ, ರೈಲುಗಾಲಿಯ ಕಾರ್ಖಾನೆ, ಗೃಹಮಂಡಳಿಯ ಉಪನಗರ ಒಂದೊಂದಾಗಿ ಬಂದು, ಯಲಹಂಕವು ನಗರದ ಹೊರವಲಯವಾಯಿತು. ಆದರೂ ಅದಕ್ಕೆ ತನ್ನದೇ ನಗರಸಭೆಯಿತ್ತು. ಬೀದಿದೀಪ ಕೆಟ್ಟರೆ, ಚರಂಡಿ ಕಟ್ಟಿದರೆ ಕೇಳಬೇಕಾದ ಬಾಗಿಲು ಊರಿನೊಳಗೇ ಇತ್ತು.

2007ರ ಜನವರಿಯಲ್ಲಿ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ ಎಂಬ 7 ನಗರಸಭೆಗಳೂ ಕೆಂಗೇರಿ ಪುರಸಭೆಯೂ ನೂರಕ್ಕೂ ಮಿಕ್ಕ ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾದವು. ಸುಮಾರು 226 ಚದರ ಕಿಲೋಮೀಟರಿನ ನಗರ 700ನ್ನು ದಾಟಿತು. ಕುಡಿಯುವ ನೀರು, ಒಳಚರಂಡಿ, ಹೆದ್ದಾರಿಗಳಂಥ ಭಾರಿ ಕಾರ್ಯಗಳು ಸಣ್ಣ ಸಭೆಯೊಂದರ ಶಕ್ತಿಗೆ ಮೀರಿದುವೆಂಬ ವಾದವನ್ನು ಅಲ್ಲಗಳೆಯಲಾಗದು. ಆದರೆ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರಲ್ಲಿ. ನಡುವಣ ಮೂರು ವರ್ಷ ಜನರ ಪ್ರತಿನಿಧಿಗಳಿಲ್ಲದೆ ಅಧಿಕಾರಿಗಳೇ ಆಳಿದರು. ಊರಿಗೇ ಒಂದು ಸಭೆಯಿದ್ದ ಯಲಹಂಕಕ್ಕೆ ಬಳಿಕ ದಕ್ಕಿದ್ದು 198 ವಾರ್ಡುಗಳಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಮೊದಲನೆಯದಕ್ಕೆ ಇಟ್ಟ ಹೆಸರು ಕೆಂಪೇಗೌಡ ವಾರ್ಡು!

2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಆ ಪಾಲಿಕೆ ಮತ್ತೊಂದು ಚುನಾವಣೆಯನ್ನು ಕಾಣಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದನ್ನೇ ಒಡೆದು 5 ನಗರ ಪಾಲಿಕೆಗಳನ್ನು ಮಾಡಲಾಯಿತು. ಯಲಹಂಕ ಉತ್ತರ ಪಾಲಿಕೆಗೆ ಸೇರಿತು. ಕೂಡಿಸಿದ್ದು ಅತಿಯಾಯಿತೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

ನಗರವು ಹಿಗ್ಗುವುದನ್ನು ಯಾರೂ ತಡೆಯಲಾರರು. ಆದರೆ ದೂರು ಹೊತ್ತವನು ನಡೆದುಹೋಗಿ ತಟ್ಟಬಹುದಾದ ಬಾಗಿಲೊಂದು ಅವನ ಊರಲ್ಲೇ ಇರಬೇಕು. ದೋರಸಮುದ್ರದಿಂದ ಪೀಠವನ್ನು ಕಿತ್ತದ್ದು ಯುದ್ಧ. ಯಲಹಂಕದ ಸಭೆಯನ್ನು ಅಳಿಸಲು ಒಂದು ಅಧಿಸೂಚನೆ ಸಾಕಾಯಿತು.