ಮಿದುಳಿನ ವಿದ್ಯುಲ್ಲೇಖವೂ ಖಿನ್ನತೆಯ ಚಿಕಿತ್ಸೆಯೂ

ರೋಗವು ಸಾಧ್ಯವೋ ಅಸಾಧ್ಯವೋ ಎಂಬುದನ್ನು ಚಿಕಿತ್ಸೆಗೆ ಮೊದಲೇ ವಿವೇಚಿಸಬೇಕೆಂಬುದು ಆಯುರ್ವೇದದ ಹಳೆಯ ವಿಧಿ. ಖಿನ್ನತೆಯೆಂಬ ಮನೋವ್ಯಾಧಿಯಲ್ಲಿ ಈ ವಿವೇಚನೆಯು ಬಹುಕಾಲ ವೈದ್ಯನ ಅನುಭವವನ್ನೇ ಆಶ್ರಯಿಸಿಕೊಂಡಿದ್ದಿತು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನನು ಇಮಿಪ್ರಮೀನಿನ ಗುಣವನ್ನು ಪ್ರಕಟಿಸಿದ ಮೇಲೆ ಔಷಧಗಳೇನೋ ಒದಗಿದುವು; ಆದರೆ ಅವುಗಳ ಫಲವು ತಿಳಿಯಬೇಕಾದರೆ ವಾರಗಳು ಕಳೆಯಬೇಕು. ಒಂದು ಹಿಡಿಸದಿದ್ದರೆ ಮತ್ತೊಂದು. ಮತ್ತೆ ಅಷ್ಟೇ ವಾರಗಳು. ಕಾಳಗಿಯಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಮೀರಿದ ದಾರಿ. ಅಷ್ಟು ದೂರ ರೋಗಿಯನ್ನು ಕರೆತಂದವರಿಗೆ ಈ ಕಾಲಹರಣವು ಅಲ್ಪವಾದುದಲ್ಲ. ಆತ್ಮಹತ್ಯೆಯ ಭಯವಿದ್ದಲ್ಲಿ ಹೇಳತಕ್ಕುದೇನು?

ಜರ್ಮನಿಯ ಹಾನ್ಸ್ ಬರ್ಗರನು 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಮೊದಲು ದಾಖಲಿಸಿ 1929ರಲ್ಲಿ ಪ್ರಕಟಿಸಿದನು. ಈ ಲೇಖವು ಚಿಕಿತ್ಸೆಯ ಫಲವನ್ನು ಮುಂಚಿತವಾಗಿ ಸೂಚಿಸಬಲ್ಲುದೇ ಎಂಬ ಪ್ರಶ್ನೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಬಿ. ಎನ್. ಗಂಗಾಧರ್, ಎನ್. ಜಾನಕಿರಾಮಯ್ಯ ಮೊದಲಾದವರು ಎರಡು ಬಗೆಯಾಗಿ ಪರೀಕ್ಷಿಸಿದರು. ಹಿಂದಿನ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದುಗೂಡಿ ಆದುದೇ ಈ ಸಂಸ್ಥೆ.

ಒಂದೇ ಬಗೆಯ ಧ್ವನಿಗಳ ನಡುವೆ ಬೇರೊಂದು ಧ್ವನಿಯು ಕೇಳಿಬಂದಾಗ ಸುಮಾರು 300 ಮಿಲಿಸೆಕೆಂಡುಗಳಲ್ಲಿ ಮಿದುಳಿನಲ್ಲಿ ಏಳುವ ತರಂಗಕ್ಕೆ ಪಿ-300 ಎಂದು ಹೆಸರು. ಸುದರ್ಶನ ಕ್ರಿಯೆಯೆಂಬ ಉಸಿರಾಟದ ಅಭ್ಯಾಸದಿಂದ ಖಿನ್ನರು ಗುಣಹೊಂದುವುದನ್ನು ಈ ತರಂಗದ ಎತ್ತರದಿಂದ ಮೊದಲೇ ತಿಳಿಯಬಹುದೇ ಎಂದು ನೋಡಲಾಗಿ, ಅದು ಎಷ್ಟೇ ಇರಲಿ ಗುಣವು ಸಮಾನವಾಗಿಯೇ ಕಂಡುಬಂದಿತೆಂದು 1998ರಲ್ಲಿ ಪ್ರಕಟವಾಯಿತು. ಮರುವರ್ಷದ ಲೇಖನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಡಿ. ನಾರಾಯಣ ದತ್ತರೂ ಸೇರಿದ್ದರು. ವಿದ್ಯುತ್‌ಚಿಕಿತ್ಸೆಯಲ್ಲಿ ಸೆಳವು ನಿಂತ ಮೇಲಿನ ರೇಖೆಯ ವಕ್ರತೆಯನ್ನು ಫ್ರ್ಯಾಕ್ಟಲ್ ಆಯಾಮವೆಂಬ ಗಣಿತಮಾನದಿಂದ ಅಳೆದರು. ಮೊದಲನೆಯ ಚಿಕಿತ್ಸೆಯ ಆ ಅಳತೆಯೇ ಎರಡು ವಾರಗಳ ತರುವಾಯದ ಗುಣವನ್ನು ಸೂಚಿಸಿತು.

ಈ ಎರಡರಲ್ಲಿ ಹಿಂದಿನದನ್ನು ವಿಫಲಶೋಧನೆಯೆಂದೆಣಿಸುವುದು ಯುಕ್ತವಲ್ಲ. ತರಂಗವು ಸಣ್ಣದೆಂಬ ಕಾರಣದಿಂದ ಯಾವ ರೋಗಿಯನ್ನೂ ಆ ಚಿಕಿತ್ಸೆಯಿಂದ ದೂರವಿಡಬೇಕಾಗಿಲ್ಲವೆಂಬುದು ಅದರಿಂದಲೇ ಸಿದ್ಧಿಸಿತು. ಇಂತಹ ‘ಇಲ್ಲ’ಗಳು ಅಚ್ಚಾಗುವುದು ವಿರಳ. 2019ರಲ್ಲಿ ಅಮೆರಿಕದ ಎ. ಎಸ್. ವಿಜ್ ಮೊದಲಾದವರು ಖಿನ್ನತೆಯ ಚಿಕಿತ್ಸಾಫಲವನ್ನು ವಿದ್ಯುಲ್ಲೇಖದಿಂದ ಮುನ್ನುಡಿಯುವ 76 ಲೇಖನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಅನುಕೂಲಫಲಗಳೇ ಹೆಚ್ಚಾಗಿ ಪ್ರಕಟವಾಗಿರುವ ಲಕ್ಷಣಗಳು ಕಂಡುಬಂದುವು. ಈ ಸಾಧನವನ್ನು ಚಿಕಿತ್ಸೆಯ ಆಯ್ಕೆಗೆ ನೆಚ್ಚುವ ಕಾಲವಿನ್ನೂ ಬಂದಿಲ್ಲವೆಂದು ಅವರು ನಿರ್ಣಯಿಸಿದರು.